ಗುಬ್ಬಿ ಕೆರೆಯಲ್ಲಿ ಒಬ್ಬ ಜರ್ಮನ್ ಸಿಪಾಯಿ

ನಮ್ಮ ಆಫೀಸಿನ ಬಗ್ಗೆ ತುಮಕೂರಿನಲ್ಲಿ ಓಡಾಡುವ ಕಥೆ ಇದು: "ಸೋಮೇಶ್ವರಪುರಂ ಕಡೆ ಒಂದು ಮಹಡಿ ಮೇಲೆ ಜರ್ಮನ್ ಕೆಲಸ ಮಾಡ್ತಿದ್ರು. ಅಲ್ಲಿನ ಸಾಹೇಬರ ಹೆಂಡ್ತಿ, ಓದುಬರಹ ಇಲ್ದೋರು, ಒಂದು ಬೆಲೆಬಾಳೋ ಕಾರ್ಡ್ ತಗೊಂಡೋಗಿ ಕೆರೆಗೆ ಹಾಕ್ಬಿಟ್ರು. ಜರ್ಮನಿಯೋರಿಗೆ ಸಿಟ್ಟು ಬಂತು. ಆಫೀಸ್ ಮುಚ್ಚೋಯ್ತು."

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಇಂಥ ಕಥೆ ಕಿವಿಗೆ ಬಿದ್ದರೆ ಬೆರಳು ತಾನಾಗಿ ಮೇಲೇಳುತ್ತದೆ. ಆಫೀಸು ಮುಚ್ಚಿದ್ದು ಕಾರ್ಡು ಹೋದ ಎಷ್ಟೋ ದಿನದ ಮೇಲೆ, ಬೇರೆ ಕಾರಣಕ್ಕೆ. ಜರ್ಮನಿಯವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇನ್ನು ಸಾಹೇಬರ ಹೆಂಡತಿ ಗೌರಮ್ಮನವರಿಗೆ ಓದು ಬಾರದು ಎಂದವರು ಅವರ ಮನೆಗೆ ಒಂದು ಬೆಳಿಗ್ಗೆಯಾದರೂ ಹೋಗಿಲ್ಲ. ಕನ್ನಡಕ ಏರಿಸಿಕೊಂಡು ಪೇಪರನ್ನು ಸಾವಿನ ಜಾಹೀರಾತಿನವರೆಗೂ ಬಿಡದೆ ಓದುತ್ತಾರೆ. ಕನ್ನಡಕ ಇಲ್ಲದಿದ್ದರೆ ಮಾತ್ರ ಎದುರಿಗಿರುವವರು ನಾನೋ ನಮ್ಮಮ್ಮನೋ ಅವರಿಗೆ ತಿಳಿಯುವುದಿಲ್ಲ.

ಆ ಕಥೆಯಲ್ಲಿ ನಿಜ ಒಂದೇ. ಕಾರ್ಡು ಕೆರೆಗೆ ಹೋಯಿತು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಅಂತರಸನಹಳ್ಳಿಯಲ್ಲಿ ಅಂಥದ್ದೇ ಇನ್ನೊಂದು ಆಫೀಸು ಶುರುವಾಗಿದೆ. ಹಳೇ ಯುರೋಪಿನ ಕಾಗದಗಳನ್ನು ಕಂಪ್ಯೂಟರ್ ಓದುತ್ತದಂತೆ, ಅದು ಓದಿದ್ದು ಸರಿಯೋ ತಪ್ಪೋ ನಮ್ಮ ಹುಡುಗರು ನೋಡಬೇಕಂತೆ. ಅಲ್ಲಿಗೆ ಸೇರಿದ ಇಬ್ಬರು ಹುಡುಗಿಯರು ಬಂದು, "ಅಕ್ಕಾ, ನೀವು ಈ ಕೆಲಸದಲ್ಲಿ ರಿಟೈರ್ ಆದೋರಂತೆ, ಏನಾದ್ರೂ ಹೇಳಿ" ಎಂದರು. ನನಗೆ ಮೂವತ್ತೆರಡು. ಮೊದಲು ನಗು ಬಂತು. ಆಮೇಲೆ ಯೋಚಿಸಿದೆ: ಕೆಲಸವೇ ರಿಟೈರ್ ಆದ ಮೇಲೆ ಮಾಡುತ್ತಿದ್ದವಳು ಇನ್ನೇನಾಗಬೇಕು?

ಕಾರ್ಡು ಎಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಫೋಟೊ ಹಾಕಿ ತಿಥಿ ಕಾರ್ಡ್ ಹೊಡೆಸುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ದಕ್ಷಿಣ ಜರ್ಮನಿಯ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಸತ್ತವರ ಹೆಸರಿನಲ್ಲಿ ಅಂಗೈಯಗಲದ ಕಾರ್ಡ್ ಅಚ್ಚು ಹಾಕಿಸಿ ಹಂಚುತ್ತಿದ್ದರು. ಒಂದು ಮಗ್ಗುಲಲ್ಲಿ ಏಸುವಿನದೋ ಮೇರಿಯಮ್ಮನದೋ ಚಿತ್ರ. ಇನ್ನೊಂದರಲ್ಲಿ ಕಪ್ಪು ಅಂಚಿನೊಳಗೆ ಸತ್ತವನ ಫೋಟೊ, ಹೆಸರು, ಊರು, ಎಲ್ಲಿ ಹೇಗೆ ಸತ್ತ ಎನ್ನುವ ನಾಲ್ಕು ಸಾಲು, ಒಂದು ಪ್ರಾರ್ಥನೆ. ಎರಡನೇ ಮಹಾಯುದ್ಧದಲ್ಲಿ ಆ ಹಳ್ಳಿಗಳ ಹುಡುಗರು ಸಾಲುಸಾಲಾಗಿ ಸತ್ತಾಗ ಕಾರ್ಡುಗಳೂ ಸಾಲುಸಾಲಾಗಿ ಬಂದವು. ನಮಗೆ ಬೇಕಾಗಿದ್ದು ಅವರಲ್ಲಿ ಬೆಟ್ಟದ ಪಡೆಯವರು ಮಾತ್ರ. ಟೋಪಿಯ ಪಕ್ಕದಲ್ಲಿ ಎಡೆಲ್‌ವೈಸ್ ಎನ್ನುವ ಬೆಟ್ಟದ ಹೂವಿನ ಬಿಲ್ಲೆ ಕಂಡರೆ ಅವನು ನಮ್ಮ ಪೆಟ್ಟಿಗೆಗೆ.

ಪೆಟ್ಟಿಗೆ ಕಳಿಸುತ್ತಿದ್ದವರು ಅಲ್ಲಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕರು. ಸಂತೆಯಲ್ಲಿ, ಹಳೇ ಸಾಮಾನಿನ ಅಂಗಡಿಯಲ್ಲಿ ಆಯ್ದ ಕಾರ್ಡುಗಳು. ನಾವು ಸ್ಕ್ಯಾನ್ ಮಾಡಿ, ಹಳೇ ಅಚ್ಚಿನ ಮುಳ್ಳುಮುಳ್ಳು ಅಕ್ಷರ ಓದಿ, ಕಂಪ್ಯೂಟರಿಗೆ ಏರಿಸಿ, ಪೆಟ್ಟಿಗೆ ವಾಪಸ್ ಕಳಿಸಬೇಕು. ತಂದೆ, ತಾತ ಎಲ್ಲಿ ಸತ್ತರು ಎಂದು ಹುಡುಕುವ ಮನೆಯವರು ಅವರಿಗೆ ಬರೆಯುತ್ತಿದ್ದರು. ಅವರು ನಮಗೆ ದಾಟಿಸುತ್ತಿದ್ದರು.

ಇತ್ತ ಕಡೆಯ ಯಜಮಾನರು ರಂಗಪ್ಪ ಸರ್. ಗುಬ್ಬಿಯವರು. ಮಿಷನ್ ಟೂಲ್ ಕಾರ್ಖಾನೆಯಲ್ಲಿದ್ದಾಗ ತರಬೇತಿಗೆ ಅಂತ ಜರ್ಮನಿಗೆ ಹೋಗಿ ಕೆಲವು ವರ್ಷ ಅಲ್ಲೇ ಉಳಿದು, ಆ ಶಿಕ್ಷಕರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ವಾಪಸ್ ಬಂದ ಮೇಲೆ ತುಮಕೂರಿನಲ್ಲಿ ನರ್ಸಿಂಗ್ ಹುಡುಗಿಯರಿಗೆ ಸಂಜೆ ಜರ್ಮನ್ ಹೇಳಿಕೊಡುತ್ತಿದ್ದರು. ನಾನು ನರ್ಸ್ ಅಲ್ಲ. ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದು, ಸುಮ್ಮನೆ ಹಟಕ್ಕೆ ಕಲಿತವಳು.

ಕೆಲಸಕ್ಕೆ ಕರೆದ ದಿನ ಒಂದು ಕಾರ್ಡ್ ಕೈಗಿಟ್ಟು, "ಓದಮ್ಮ" ಎಂದರು. ತೊದಲುತ್ತಾ ಓದಿದೆ. ತಲೆಗೆ ಗುಂಡು ತಗುಲಿ, ಕ್ಷಣದಲ್ಲೇ, ನೋವಿಲ್ಲದೆ ವೀರಮರಣ.

"ಸರಿಯಾಗ್ ಓದ್ದೆ. ನಾಳೆಯಿಂದ ಬಾ."

"ಸರ್, ಒಂದು ಪ್ರಶ್ನೆ. ಇದು ನಿಜ ಅಂತ ಯಾರು ಹೇಳಿದ್ದು?"

"ಕಂಪನಿ ಕಮಾಂಡರ್ ಮನೆಗೆ ಕಾಗದ ಬರೀತಿದ್ದ. ಅದನ್ನ ನೋಡಿ ಮನೆಯೋರು ಅಚ್ಚು ಹಾಕ್ಸೋರು."

"ಅಂದ್ರೆ ಸಾಕ್ಷಿ ಅವನೊಬ್ನೇ. ಅವನಿಗೆ ಸುಳ್ಳು ಹೇಳೋಕೆ ಕಾರಣನೂ ಇತ್ತು."

ಅವರು ಕನ್ನಡಕದ ಮೇಲಿಂದ ನೋಡಿ, "ಏನಮ್ಮ ಡಿಬೇಟು, ಸಂಬಳದ ಮೊದ್ಲೇ ಜಗಳಾನಾ?" ಎಂದರು. ಅವತ್ತಿನಿಂದ ನನ್ನ ಹೆಸರು ಡಿಬೇಟು.

ಒಂದು ತಿಂಗಳು ಓದಿದ ಮೇಲೆ ನನಗೆ ತಲೆ ಕೆಟ್ಟಿತು. ಎಲ್ಲರಿಗೂ ತಲೆಗೇ ಗುಂಡು. ಎಲ್ಲರೂ ಕ್ಷಣದಲ್ಲೇ. ಹೊಟ್ಟೆಗೆ ಗುಂಡು ಬಿದ್ದು ಎರಡು ದಿನ ಹಿಮದಲ್ಲಿ ನರಳಿದವನು ಒಬ್ಬನೂ ಇಲ್ಲ. ಇಡೀ ಯುದ್ಧದಲ್ಲಿ ಒಬ್ಬನಿಗಾದರೂ ನೋವಾಗಿರಬೇಕಲ್ಲ ಸರ್ ಎಂದೆ.

ರಂಗಪ್ಪ ಸರ್ ಟೀ ಲೋಟ ಕೆಳಗಿಟ್ಟರು. "ನಿಮ್ ತಾತ ಹೇಗೆ ಹೋದ್ರು?"

"ಲಿವರ್ ಹೋಗಿ ಸರ್. ಕುಡೀತಿದ್ರು."

"ತಿಥಿ ಕಾರ್ಡಲ್ಲಿ ಏನ್ ಹಾಕ್ಸಿದ್ರಿ?"

"ದೈವಾಧೀನರಾದರು ಅಂತ."

"ಮತ್ತೆ?"

"ನಮ್ಮನೆ ಕಾರ್ಡ್ ನಂಬ್ಕೊಂಡು ಯಾರೂ ಇತಿಹಾಸ ಬರೀತಿಲ್ವಲ್ಲ ಸರ್."

ಸೋತಾಗ ಅವರು ಟೀಗೆ ಸಕ್ಕರೆ ಜಾಸ್ತಿ ಆಯ್ತು ಎನ್ನುತ್ತಿದ್ದರು. ಅವತ್ತೂ ಅಂದರು.

ಹೊಸಬರಿಗೆ ಹೇಳಬೇಕಾದ ಒಂದು ಎಡವಟ್ಟು ಇದೆ. ಒಂದೇ ಹೆಸರಿನ ಎರಡು ಕಾರ್ಡ್ ಬಂತು, ಊರು ಬೇರೆ, ಫೋಟೊ ಬೇರೆ, ಒಂದರಲ್ಲಿ "ನಮ್ಮ ಒಬ್ಬನೇ ಮಗ," ಇನ್ನೊಂದರಲ್ಲಿ "ನನ್ನ ಪ್ರೀತಿಯ ಗಂಡ, ಮೂರು ಮಕ್ಕಳ ತಂದೆ." ಇಬ್ಬರು ಎಂದು ಏರಿಸಿದೆ. ಒಬ್ಬನೇ. ಅಪ್ಪ-ಅಮ್ಮ ತಮ್ಮೂರಲ್ಲಿ ಒಂದು ಹೊಡೆಸಿದ್ದಾರೆ, ಹೆಂಡತಿ ತನ್ನೂರಲ್ಲಿ ಇನ್ನೊಂದು. ಅತ್ತೆ ಸೊಸೆಗೆ ಆಗಿಬರುತ್ತಿರಲಿಲ್ಲವೋ ಏನೋ, ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರ ಸುದ್ದಿಯೇ ಇಲ್ಲ. "ಪಾಪದವನನ್ನ ಎರಡು ಸಲ ಸಾಯಿಸಿದ್ಯಲ್ಲೇ" ಎಂದು ಸರ್ ವಾರವಿಡೀ ಆಡಿಕೊಂಡರು. ನಮ್ಮ ಹಳ್ಳಿ ಜಗಳ ಬಲ್ಲವಳಾಗಿ ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಇನ್ನೊಂದು ವಿಷಯಕ್ಕೆ ನಾನು ಅವರನ್ನು ಬಿಟ್ಟಿದ್ದೇ ಇಲ್ಲ. ಈ ಬೆಟ್ಟದ ಪಡೆಯವರು ಯುದ್ಧಕ್ಕೆ ಹೋದಲ್ಲೆಲ್ಲ ಹಿಮಕರಡಿ ಬೇಟೆಯಾಡುತ್ತಿರಲಿಲ್ಲ. ಹಳ್ಳಿಗಳನ್ನು ಸುಟ್ಟಿದ್ದಾರೆ, ಹೆಂಗಸರು ಮಕ್ಕಳೆನ್ನದೆ ಗುಂಡಿಟ್ಟಿದ್ದಾರೆ. "ಸರ್, ಈ ಕಾರ್ಡಲ್ಲಿ ಇವನು ಸತ್ತಿದ್ದು ಇದೆ. ಇವನು ಕೊಂದಿದ್ದು ಎಲ್ಲಿದೆ?"

"ಇಲ್ಲ ಕಣಮ್ಮ. ಅದಕ್ಕೆ ಬೇರೆ ಕಾರ್ಡ್ ಹೊಡೆಸ್ಬೇಕಿತ್ತು. ಯಾರೂ ಹೊಡೆಸ್ಲಿಲ್ಲ."

ಆ ಉತ್ತರವನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಆಗಿಲ್ಲ.

ಮನೆಯಲ್ಲಿ ಅಮ್ಮನದು ಬೇರೆಯೇ ಆಕ್ಷೇಪ. "ಏನೇ ಅದು, ಸತ್ತೋರ್ ಕಾರ್ಡು ಓದೋ ಕೆಲ್ಸ? ಓದ್ಕೋ. ಆದ್ರೆ ಒಂದೇ ಒಂದು ಕಾರ್ಡು ಬ್ಯಾಗಲ್ಲಿಟ್ಕೊಂಡು ಹೊಸ್ಲು ದಾಟ್ಬೇಡ." ನಮ್ಮ ಕಡೆ ತಿಥಿ ಕಾರ್ಡ್ ಬಂದರೆ ಓದಿ, ದಿನ ನೋಡಿಕೊಂಡು, ಹರಿದು ಹೊರಗೆ ಹಾಕುತ್ತಾರೆ. ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಅವರದ್ದು ಉಲ್ಟಾ: ಪ್ರಾರ್ಥನೆ ಪುಸ್ತಕದ ನಡುವೆ ಎಂಬತ್ತು ವರ್ಷ. ಇದನ್ನು ಸರ್‌ಗೆ ಹೇಳಿ ನಕ್ಕಿದ್ದೆ. ಅವರೂ ನಕ್ಕಿದ್ದರು. ಇಬ್ಬರಿಗೂ ಅದು ಬರೀ ತಮಾಷೆಯ ವಿಷಯವಾಗಿತ್ತು.

ಹೆಡ್ವಿಗ್ ಎನ್ನುವ ಅಜ್ಜಿಯ ಪತ್ರ ಬಂದಿದ್ದು ಆಗ. ಎಂಬತ್ತು ದಾಟಿದವರು. ಅಪ್ಪ ಯುದ್ಧಕ್ಕೆ ಹೋದಾಗ ಇವರು ತೊಟ್ಟಿಲಲ್ಲಿದ್ದರು. ಅಮ್ಮ ಇನ್ನೊಂದು ಮದುವೆಯಾದಾಗ ಹಳೇ ಫೋಟೊಗಳೆಲ್ಲ ಒಲೆಗೆ ಹೋದವು. ಪ್ರಾರ್ಥನೆ ಪುಸ್ತಕದಲ್ಲಿದ್ದ ಕಾರ್ಡೊಂದು ಉಳಿಯಿತು. ಅಪ್ಪನ ಮುಖ ಅಂತ ಅವರಿಗೆ ಈ ಭೂಮಿ ಮೇಲೆ ಇದ್ದದ್ದು ಅದೊಂದೇ.

ಅವರು ಎರಡು ಪ್ರಶ್ನೆ ಕೇಳಿದ್ದರು. ಕಾರ್ಡಿನಲ್ಲಿ "ಕಾಕಸಸ್‌ನ ಎತ್ತರದಲ್ಲಿ" ಎಂದಷ್ಟೇ ಇದೆ, ಸರಿಯಾಗಿ ಎಲ್ಲಿ? ಎರಡನೆಯದನ್ನು ಸಂಕೋಚಪಟ್ಟುಕೊಂಡೇ ಬರೆದಿದ್ದರು, ಅವರ ಮಾತಿನಲ್ಲೇ ಹೇಳುವುದಾದರೆ: ಫೋಟೊದಲ್ಲಿ ಅಪ್ಪ ನಗುತ್ತಿದ್ದಾನೆ ಎಂದು ನಾನು ಚಿಕ್ಕಂದಿನಿಂದ ಹೇಳುತ್ತಿದ್ದೆ. ಇಲ್ಲ, ಅದು ನೆರಳು, ಅವನು ನಗುವವನಾಗಿರಲಿಲ್ಲ ಎಂದು ಅಮ್ಮ. ಅಮ್ಮ ಸಾಯುವವರೆಗೂ ನಮಗಿಬ್ಬರಿಗೂ ಇದೇ ಜಗಳ. ಈಗ ನನ್ನ ಕಣ್ಣು ಮಂಜಾಗಿದೆ, ಕಾರ್ಡಿನಲ್ಲಿ ಬಾಯಿಯ ಮೇಲೇ ಒಂದು ಮಡಿಕೆ ಬಿದ್ದಿದೆ. ನೀವು ದೊಡ್ಡದು ಮಾಡಿ ನೋಡಬಲ್ಲಿರಂತೆ. ಅಪ್ಪ ನಗುತ್ತಿದ್ದಾನೆಯೇ, ಇಲ್ಲವೇ?

ನಾನು ಎರಡನೆಯದನ್ನು ಓದಿ, "ಇದು ನಮ್ಮ ವ್ಯಾಪ್ತಿಗೆ ಬರಲ್ಲ ಸರ್" ಎಂದೆ.

ಮೊದಲನೆಯದರ ಬೆನ್ನಿಗೆ ಬಿದ್ದೆ. ನಮ್ಮ ಪದ್ಧತಿ ಸುಲಭವಾಗಿ ಹೇಳುವುದಾದರೆ ಹೀಗೆ: ಒಂದು ಕಾರ್ಡ್ ಬಾಯಿ ಬಿಡದಿದ್ದರೆ ಅದರ ಅಕ್ಕಪಕ್ಕದ ಕಾರ್ಡುಗಳನ್ನು ಕೇಳಬೇಕು. ಅದೇ ದಿನ, ಅದೇ ಸೀಮೆಯಲ್ಲಿ ಸತ್ತ ಇನ್ನೊಬ್ಬ ಹುಡುಗನ ಕಾರ್ಡಿನಲ್ಲಿ ಒಂದು ಕಣಿವೆದಾರಿಯ ಹೆಸರಿತ್ತು. ರಂಗಪ್ಪ ಸರ್, "ಸಿಕ್ತಲ್ಲ, ಬರೆದುಬಿಡು" ಎಂದರು.

"ಒಂದೇ ದಿನ ಸತ್ರೆ ಒಂದೇ ಜಾಗದಲ್ಲಿ ಸತ್ರು ಅಂತಾನಾ ಸರ್? ತುಮಕೂರಲ್ಲೂ ಗುಬ್ಬೀಲೂ ದಿನಾ ಜನ ಸಾಯ್ತಾರೆ."

"ಮತ್ತೇನು ಬೇಕು ನಿಂಗೆ?"

"ಇಬ್ರೂ ಒಂದೇ ರೆಜಿಮೆಂಟ್ ಅಂತ ಗೊತ್ತಾಗ್ಬೇಕು. ಭುಜಪಟ್ಟಿ ಮೇಲೆ ನಂಬರ್ ಇರುತ್ತೆ. ಅಜ್ಜಿ ಕಳ್ಸಿರೋದು ಪಕ್ಕದ ಮನೆಯೋರು ಮೊಬೈಲಲ್ಲಿ ತೆಗೆದಿರೋ ಫೋಟೊ, ಎಲ್ಲಾ ಮಸುಕು. ಒರಿಜಿನಲ್ ಬೇಕು."

"ಅದೊಂದೇ ಇರೋದು ಕಣಮ್ಮ ಆಯಮ್ಮನ ಹತ್ರ."

"ಪೆಟ್ಟಿಗೆ ಪೆಟ್ಟಿಗೇನೇ ಬಂದು ಹೋಗ್ತಿಲ್ವಾ ಸರ್? ಒಂದಾದ್ರೂ ಕಳ್ದಿದೀವಾ?"

ಕಳೆದಿರಲಿಲ್ಲ. ಆ ವಾದ ಆಗ ಸರಿಯಾಗಿತ್ತು. ಸಾಕ್ಷ್ಯ ನೋಡದೆ ಜಾಗದ ಹೆಸರು ಹೇಳುವುದು ತಪ್ಪು ಎಂದು ಈಗಲೂ ವಾದಿಸುತ್ತೇನೆ.

ಕಾರ್ಡು ಬಂದ ಶನಿವಾರ ಸರ್ ಅದನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮೇಜಿನ ಮೇಲಿಟ್ಟರು. ಸ್ಕ್ಯಾನರ್ ಆ ವಾರವೇ ಕೆಟ್ಟಿತ್ತು. ಏನಿಟ್ಟರೂ ಉದ್ದಕ್ಕೆ ಹಸಿರು ಗೆರೆ. ನಾನು ಭೂತಗನ್ನಡಿ ತೆಗೆದುಕೊಂಡು ಸೀದಾ ಭುಜಕ್ಕೆ ಹೋದೆ. ನಂಬರು ಇತ್ತು. ಇನ್ನೊಬ್ಬ ಹುಡುಗನದ್ದೇ ನಂಬರು. "ಸರ್! ಬಂತು!" ಎಂದು ಕುರ್ಚಿಯಿಂದ ಎದ್ದೆ. ಒಂದು ಬೆಟ್ಟವನ್ನೇ ಗೆದ್ದ ಹಾಗಿತ್ತು.

ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಬಹುದಿತ್ತಲ್ಲ ಎಂದು ಇದನ್ನು ಕೇಳಿದವರೆಲ್ಲ ಕೇಳುತ್ತಾರೆ. ತೆಗೆದೆ. ಭೂತಗನ್ನಡಿಯ ಮೇಲೆ ಮೊಬೈಲ್ ಇಟ್ಟು, ಹತ್ತಿರದಿಂದ, ಮೂರು. ಮೂರರಲ್ಲೂ ಭುಜಪಟ್ಟಿಯೇ.

ಇಡೀ ಕಾರ್ಡನ್ನು ಚೆನ್ನಾಗಿ ಸ್ಕ್ಯಾನ್ ಮಾಡಿಸಲು ಸರ್ ಅದನ್ನು ಗುಬ್ಬಿಗೆ ತೆಗೆದುಕೊಂಡು ಹೊರಟರು. ಅಲ್ಲಿ ಅವರ ಪರಿಚಯದ ಫೋಟೊ ಸ್ಟುಡಿಯೋ ಇತ್ತು. "ಬೇಗ ಹೋಗ್ಬೇಕು, ಗೌರಿ ಕನ್ನಡಕದ ಕಡ್ಡಿ ಮುರ್ದೋಗಿದೆ, ಇಲ್ಲೇ ಅಂಗಡೀಲಿ ರಿಪೇರಿಗೆ ಕೊಟ್ಟು ಹೋಗ್ತೀನಿ, ಮಂಗಳವಾರ ಕೊಡ್ತಾನಂತೆ" ಎಂದು ಮಧ್ಯಾಹ್ನವೇ ಎದ್ದರು. ಈ ಮಾತು ನೆನಪಿರಲಿ. ನನಗೆ ಅದು ಆಮೇಲೆ ಬಹಳ ನೆನಪಾಯಿತು.

ಭಾನುವಾರ ಪಕ್ಷದ ಅಮಾವಾಸ್ಯೆ. ಸ್ಟುಡಿಯೋ ಬಾಗಿಲು ಹಾಕಿತ್ತು. ಸರ್ ಕಾರ್ಡನ್ನು ಗೋಡೆಯ ಗೂಡಿನಲ್ಲಿ, ತಮ್ಮ ತಂದೆಯ ಫೋಟೊಗೆ ಒರಗಿಸಿ ಇಟ್ಟರು. ಆ ಗೂಡನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅಲ್ಲಿಗಿಂತ ಭದ್ರ ಜಾಗ ಇನ್ನೊಂದಿಲ್ಲ ಅಂತ. ವರ್ಷಕ್ಕೊಂದು ದಿನ ಮುಟ್ಟುತ್ತಾರೆ ಎನ್ನುವುದು ಅವರಿಗೆ ಮರೆತಿತ್ತು. ಆ ದಿನ ಮನೆಯ ಸತ್ತ ಹಿರಿಯರಿಗೆಲ್ಲ ಎಡೆ ಇಡುವ ದಿನ.

ಸೋಮವಾರ ಬೆಳಿಗ್ಗೆ ಫೋನ್ ಬಂತು. "ಡಿಬೇಟು, ಒಂದ್ಸಲ ಗುಬ್ಬಿಗೆ ಬಾಮ್ಮ." ಅಷ್ಟೇ. ದನಿಯಲ್ಲಿ ತಮಾಷೆ ಇರಲಿಲ್ಲ.

ಹೋದಾಗ ಗೌರಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ, "ಯಾರು?" ಎಂದರು. ಹೆಸರು ಹೇಳಿದೆ. "ನೀನಾ, ಬಾರವ್ವ. ನೋಡು, ಇವ್ರು ನಿನ್ನೆಯಿಂದ ಊಟ ಮಾಡಿಲ್ಲ."

ಸರ್ ನೆಲ ನೋಡುತ್ತಾ ಹೇಳಿದರು. ಎಡೆ ಇಡುವಾಗ ಗೌರಮ್ಮ, ಇದ್ಯಾರು ಎಂದು ಕೇಳಿದ್ದಾರೆ. ಇವರು, "ಯಾರೋ ಪಾಪ, ಬೆಟ್ಟದ ಮೇಲೆ ಯುದ್ಧದಲ್ಲಿ ಸತ್ತೋನು, ಹೆಣಾನೂ ಸಿಗ್ಲಿಲ್ಲ, ಹೆಣ್ಣುಮಗು ಇತ್ತು" ಎಂದಿದ್ದಾರೆ. ಗೌರಮ್ಮ ಇನ್ನೊಂದು ಬಾಳೆಲೆ ಹಾಕಿದ್ದಾರೆ. ಸಂಜೆ ಎಡೆಯನ್ನು ಕೆರೆಗೆ ಬಿಡಲು ಹೋದಾಗ ಕಾರ್ಡನ್ನೂ ಅದರ ಜೊತೆ ಬಿಟ್ಟಿದ್ದಾರೆ.

"ನಮ್ ತವರಲ್ಲಿ ಹಂಗೇ ಕಣವ್ವ" ಎಂದರು ಗೌರಮ್ಮ. "ಊರಾಚೆ ಸತ್ತು ಹೆಣ ಸಿಗ್ದೇ ಹೋದೋರ್ದು ಒಂದು ಬಟ್ಟೆನೋ ಬರೆನೋ ಎಡೆ ಜೊತೆ ನೀರಿಗ್ ಬಿಡ್ತೀವಿ. ಇಲ್ದಿದ್ರೆ ಅವ್ರು ನಿಂತ ಕಡೇನೇ ನಿಂತಿರ್ತಾರೆ. ನಮ್ ಚಿಕ್ಕಪ್ಪನಿಗೂ ಹಂಗೇ ಮಾಡಿದ್ದು, ಅವ್ನ ಟವಲ್ಲು. ಇವ್ನಿಗೆ ಏನೂ ಇರ್ಲಿಲ್ಲ, ಆ ಕಾರ್ಡೇ ಇದ್ದಿದ್ದು. ವಡೆ ಪಾಯಸ ಇಟ್ಟೆ. ಹೊರದೇಶದೋನು, ನಮ್ದು ಹಿಡಿಸ್ತೋ ಇಲ್ವೋ ಅಂತ ಎರಡು ಬೇಯ್ಸಿದ್ ಮೊಟ್ಟೆನೂ ಇಟ್ಟೆ."

"ಅಮ್ಮಾ, ಅದು ವಾಪಸ್ ಕೊಡ್ಬೇಕಾಗಿದ್ದು."

"ವಾಪಸ್ಸಾ?" ಅವರು ಗಂಡನ ಕಡೆ ತಿರುಗಿದರು. "ಸತ್ತೋರ್ ಕಾರ್ಡು ವಾಪಸ್ ಯಾರ್ ಕೇಳ್ತಾರೆ? ಹಂಗಂತ ನೀವು ಹೇಳಿದ್ರಾ ನಂಗೆ?"

"ನೀನು ಕೇಳ್ಬೇಕಿತ್ತಲ್ಲೇ!"

"ಕೇಳಿದ್ನಲ್ಲ. ಪಾಪ ಅಂದ್ರಿ. ಪಾಪ ಅಂದೋರಿಗೆ ಏನ್ ಮಾಡ್ಬೇಕೋ ಅದ್ ಮಾಡ್ದೆ."

ಮೂವರೂ ಕೆರೆಗೆ ಹೋದೆವು. ಮಳೆ ಆಗಿ ನೀರು ಕೆಂಪಾಗಿತ್ತು. ಸೋಪಾನದ ಹತ್ತಿರ ಬಾಳೆಲೆ ತುಂಡು, ಸೇವಂತಿಗೆ, ಒಡೆದ ಮಡಕೆ. ಸರ್ ಪಂಚೆ ಎತ್ತಿಕಟ್ಟಿ ಮೊಣಕಾಲು ನೀರಿಗೆ ಇಳಿದು ಎಲೆಗಳನ್ನು ಒಂದೊಂದಾಗಿ ಮಗುಚಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಏನ್ ಸಾಮಿ, ಉಂಗ್ರ ಬಿತ್ತಾ?" ಎಂದರು. ಅವರು ಇನ್ನೊಂದು ಎಲೆ ಮಗುಚಿದರು. ಹಳೇ ಕಾಲದ ತೆಳು ರಟ್ಟು. ಒಂದು ರಾತ್ರಿ ನೀರಿನಲ್ಲಿದ್ದರೆ ಏನುಳಿಯುತ್ತದೆ ಎಂದು ಪೆಟ್ಟಿಗೆಗಟ್ಟಲೆ ನೋಡಿದ ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಹುಡುಕಿದರು.

ದಡದಲ್ಲಿ ಕೂತು ಸರ್ ಹೇಳಿದರು: "ಕೊರಿಯರಲ್ಲಿ ಹೋಯ್ತು ಅಂತ ಬರೀತೀನಿ."

"ಬೇಡ ಸರ್."

"ಕೆರೆಗೆ ಹಾಕಿದ್ವಿ ಅಂತ ಹೇಳಿದ್ರೆ ಆಯಮ್ಮನಿಗೆ ಏನ್ ಸಿಗುತ್ತೆ? ಕಾರ್ಡಂತೂ ಸಿಗಲ್ಲ. ದಾರೀಲಿ ಕಳೀತು ಅಂದ್ರೆ ಯಾರ ಮೇಲೂ ಬೇಜಾರಿಲ್ಲ. ನೋವು ಕಮ್ಮಿ."

"ಸರ್, ಅವರಪ್ಪನ ಕಮಾಂಡರ್ ಮಾಡಿದ್ದೂ ಇದನ್ನೇ. ತಲೆಗೆ ಗುಂಡು, ಕ್ಷಣದಲ್ಲೇ, ನೋವಿಲ್ಲದೆ. ಆಕೆಗೆ ಜೀವಮಾನವಿಡೀ ಸಿಕ್ಕಿರೋದು ಅಂಥ ಕಾಗದ. ಇನ್ನೊಂದು ನಾವು ಬರೆಯೋದಾ?"

ವಾದ ಗೆದ್ದೆ. ಹಾಗೆ ಗೆದ್ದಾಗ ಎದುರಿಗಿದ್ದವರ ಮುಖ ನೋಡಬಾರದು ಎಂದು ಅವತ್ತು ತಿಳಿಯಿತು. ಗೌರಮ್ಮ ಸೆರಗಿನಿಂದ ಕಾಲೊರೆಸಿಕೊಳ್ಳುತ್ತಾ, "ಬುಡಿ, ನೀರಿಗ್ ಬುಟ್ಟಿದ್ದು ನಾನು, ನಾನೇ ಹೇಳ್ತೀನಿ. ನೀವು ಭಾಷೆ ತಿರುಗ್ಸಿ ಸಾಕು" ಎಂದರು.

ವಿಡಿಯೊ ಕರೆ ಮಾಡಿದೆವು. ಆ ಕಡೆ ಹೆಡ್ವಿಗ್ ಅಜ್ಜಿ, ಅವರ ಹೆಗಲಿನ ಮೇಲೆ ಕೈಯಿಟ್ಟುಕೊಂಡ ತಂಗಿಯ ಮಗ. ಈ ಕಡೆ ಗುಬ್ಬಿಯ ನಡುಮನೆಯಲ್ಲಿ ಗೌರಮ್ಮ, ಪಕ್ಕದಲ್ಲಿ ಸರ್, ಹಿಂದೆ ನಾನು. ಗೌರಮ್ಮ ಎಡೆ ಇಟ್ಟಿದ್ದರಿಂದ ಹಿಡಿದು ಕೆರೆಯವರೆಗೂ ಹೇಳಿದರು, ಮೊಟ್ಟೆಯನ್ನೂ ಬಿಡಲಿಲ್ಲ. ಸರ್ ಒಂದೊಂದೇ ವಾಕ್ಯ ಜರ್ಮನ್ ಮಾಡಿದರು. ತಂಗಿಯ ಮಗನ ಮುಖ ಬಿಗಿಯಿತು.

ನಾನು ಮಧ್ಯೆ ಬಾಯಿ ಹಾಕಿ, ಜಾಗ ಬಹುಶಃ ಗೊತ್ತಾಗಿದೆ, ಭುಜಪಟ್ಟಿಯ ನಂಬರು ಸಿ‌ಕ್ಕಿದೆ, ಫೋಟೊ ಇದೆ ಎಂದು ಹೇಳಿದೆ. ನನ್ನ ಜರ್ಮನ್ ಅವತ್ತು ಚೆನ್ನಾಗಿತ್ತು. ಅಜ್ಜಿ ತಲೆಯಾಡಿಸಿ, ಮುಖದ ಫೋಟೊ ಇದೆಯೇ ಎಂದರು. ಇಲ್ಲ ಎಂದೆ. ನೀನು ಭೂತಗನ್ನಡಿಯಲ್ಲಿ ನೋಡಿದೆಯಲ್ಲ ಮಗಳೇ, ಅಪ್ಪ ನಗುತ್ತಿದ್ದನೇ ಎಂದರು.

ನಾನು ಆ ಕಾರ್ಡನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡಿದ್ದೆ. ಮುಖ ನೋಡಿರಲಿಲ್ಲ. "ಗೊತ್ತಿಲ್ಲ" ಎಂದೆ.

ಅಜ್ಜಿ ಮಂಜುಗಣ್ಣುಗಳನ್ನು ಗೌರಮ್ಮ ಇದ್ದ ಕಡೆಗೆ ತಿರುಗಿಸಿ ಅದನ್ನೇ ಕೇಳಿದರು. ಸರ್ ಕನ್ನಡ ಮಾಡಿದರು.

"ಹೂಂ ಕಣವ್ವ, ನಗ್ತಿದ್ದ" ಎಂದರು ಗೌರಮ್ಮ, ಒಂದು ಉಸಿರೂ ತಡಮಾಡದೆ. "ಬಾಯ್ ತುಂಬಾ ಅಲ್ಲ. ಈ ಕಡೆ ಕೆನ್ನೆ ಒಂಚೂರು ಮೇಲಕ್ಕಿತ್ತು. ಒಳಗಿನಿಂದ ಮಗು ಅತ್ತಂಗಾದ್ರೆ ಅಪ್ಪಂದಿರು ತಿರುಗಿ ನೋಡ್ತಾರಲ್ಲ, ಹಂಗೆ."

ಸರ್ ಅದನ್ನು ಜರ್ಮನ್ ಮಾಡಿದರು. ಹೆಡ್ವಿಗ್ ಅಜ್ಜಿ ಮೇಜಿಗೆ ಅಂಗೈಯಿಂದ ಒಂದು ಏಟು ಹಾಕಿದರು. "ನೋಡಿದೆಯಾ! ನಾನೇ ಸರಿ! ಅಮ್ಮ ಸೋತಳು!" ನಗುತ್ತಲೇ ಅತ್ತರು. ಆ ಹೆಂಗಸಿಗೆ ಧನ್ಯವಾದ ಹೇಳಿ ಎಂದರು. ಇವರು ಯಾಕೆ ಧನ್ಯವಾದ ಹೇಳುತ್ತಿದ್ದಾರೆ ಎಂದು ತಂಗಿಯ ಮಗನಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ.

ಅದಾದ ಮೇಲೂ ಪೆಟ್ಟಿಗೆಗಳು ಬಂದವು. ಆಫೀಸು ಮುಚ್ಚಿದ್ದಕ್ಕೆ ಕಾರಣ ಬಹಳ ಸಪ್ಪೆಯದು: ಆ ಮುಳ್ಳಕ್ಷರವನ್ನು ಕಂಪ್ಯೂಟರ್ ನಮಗಿಂತ ಬೇಗ ಓದತೊಡಗಿತು, ಆ ಕಡೆಯ ಶಿಕ್ಷಕರಿಗೂ ವಯಸ್ಸಾಯಿತು. ಕೊನೆಯ ದಿನ ಸರ್ ಸ್ಕ್ಯಾನರ್ ಮೇಲೆ ಬಟ್ಟೆ ಹೊದೆಸಿ, "ಸಕ್ಕರೆ ಜಾಸ್ತಿ ಆಯ್ತು ಇವತ್ತು" ಎಂದರು. ಆ ದಿನ ಟೀ ತರಿಸಿರಲೇ ಇಲ್ಲ.

ಹೆಡ್ವಿಗ್ ಅಜ್ಜಿ ಕಾರ್ಡು ಹೋದ ವರ್ಷದ ಚಳಿಗಾಲವನ್ನೇ ದಾಟಲಿಲ್ಲ. ತಂಗಿಯ ಮಗ ಅವರ ಕಾರ್ಡಿನ ಚಿತ್ರ ಕಳಿಸಿದ್ದ. ಅಲ್ಲಿ ಈಗಲೂ ಹೊಡೆಸುತ್ತಾರೆ. ಹೆಸರಿನ ಕೆಳಗೆ ಇಂಥ ಕಣಿವೆದಾರಿಯಲ್ಲಿ ಮಡಿದ ಇಂಥವರ ಮಗಳು ಎಂದಿತ್ತು. ನಾನು ಬರೆದು ಕಳಿಸಿದ ವಾಕ್ಯದಲ್ಲಿ "ಬಹುಶಃ" ಇತ್ತು. ಅಚ್ಚಿನಲ್ಲಿ ಅದು ಇರಲಿಲ್ಲ. ಇನ್ನು ಐವತ್ತು ವರ್ಷಕ್ಕೆ ಯಾವಳೋ ಒಬ್ಬಳು ಅದನ್ನು ಓದಿ ಸತ್ಯ ಎಂದು ಕಂಪ್ಯೂಟರಿಗೆ ಏರಿಸುತ್ತಾಳೆ. ಅಂತರಸನಹಳ್ಳಿಯ ಹುಡುಗಿಯರೇ, ನಿಮ್ಮ ಕೈಗೆ ಬರುವ ಪ್ರತಿ ಸಾಲಿನಿಂದಲೂ ಯಾರದೋ ಒಂದು "ಬಹುಶಃ" ಉದುರಿಹೋಗಿರುತ್ತದೆ. ಸಂಶಯಪಡಿ. ಆದರೆ ಮೊದಲು ಮುಖ ನೋಡಿ, ಆಮೇಲೆ ಭುಜ.

ನನ್ನ ಮೊಬೈಲಿನಲ್ಲಿ ಆ ಮೂರು ಫೋಟೊ ಇನ್ನೂ ಇವೆ. ಒಂದರ ಮೂಲೆಯಲ್ಲಿ ಗಲ್ಲದ ಅಂಚು ಬಂದಿದೆ. ಗಲ್ಲ ನೋಡಿ ನಗು ಹೇಳಲಾಗುವುದಿಲ್ಲ. ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ.

ಕಳೆದ ತಿಂಗಳು ಗುಬ್ಬಿಗೆ ಹೋಗಿದ್ದೆ. ಸರ್ ತೋಟದ ಕಡೆ ಹೋಗಿದ್ದರು. ಗೌರಮ್ಮ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದವರು ಅದನ್ನು ತೆಗೆದು ಮೇಜಿನ ಮೇಲಿಟ್ಟು, ಕಾಫಿ ಮಾಡಲು ಎದ್ದರು. ಆ ಕನ್ನಡಕದ ಕಡ್ಡಿಗೆ ಹಾಕಿದ ಬೆಸುಗೆ ಇನ್ನೂ ಕಾಣುತ್ತದೆ. ಅದು ರಿಪೇರಿಯಾಗಿ ಮನೆಗೆ ಬಂದದ್ದು ಮಂಗಳವಾರ. ಎಡೆ ಇಟ್ಟದ್ದು ಭಾನುವಾರ, ದೀಪದ ಬೆಳಕಿನಲ್ಲಿ, ಮಡಿಕೆ ಬಿದ್ದ ಅಂಗೈಯಗಲದ ಕಾರ್ಡಿನಲ್ಲಿ ಹೆಬ್ಬೆರಳ ಉಗುರಿನಷ್ಟು ಮುಖ. ಇಷ್ಟು ವರ್ಷ ಈ ಲೆಕ್ಕ ನನ್ನೊಳಗೇ ಇತ್ತು. ನಾನು ದಡದ ಮೇಲೆ ಕೂತು ಸುಳ್ಳು ಬೇಡ ಎಂದು ವಾದ ಮಾಡಿ ಗೆದ್ದವಳು, ಕೇಳಲೇಬೇಕಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ. ಅವರು ಬೆನ್ನು ತಿರುಗಿಸಿಕೊಂಡು ಹಾಲು ಉಕ್ಕುವುದನ್ನೇ ನೋಡುತ್ತಿದ್ದರು.

"ಗೌರಮ್ಮ, ಅವತ್ತು ನಿಮ್ಮ ಕಣ್ಣಿಗೆ ಅವನು ಕಂಡಿದ್ನಾ?"